ತಂತ್ರಾಂಶದ ಡಾಕ್ಯುಮೆಂಟೇಶನ್‌ನಲ್ಲಿ ಹೊರಗಿನ ಕೊಂಡಿ: ಯಾವುದು ಇರಲಿ, ಯಾವುದು ಬೇಡ

ಪ್ರಶ್ನೆ: ನಾನು ಒಂದು ಓಪನ್ ಸೋರ್ಸ್ ಲೈಬ್ರರಿಯ ಡಾಕ್ಯುಮೆಂಟೇಶನ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಬೇರೆ ಜಾಲತಾಣಗಳಿಗೆ ಹೋಗುವ ಸುಮಾರು 300 ಕೊಂಡಿಗಳಿವೆ. ಅವುಗಳಲ್ಲಿ ಹಲವು ಈಗ ತೆರೆಯುವುದಿಲ್ಲ ಎಂದು ಬಳಕೆದಾರರು ದೂರುತ್ತಿದ್ದಾರೆ. ಹೊರಗಿನ ಕೊಂಡಿಗಳನ್ನೆಲ್ಲ ತೆಗೆದುಹಾಕಿ ಬೇಕಾದ ವಿಷಯವನ್ನು ನಮ್ಮ ಪುಟದಲ್ಲೇ ಬರೆದುಬಿಡೋಣ ಎಂದು ತಂಡದ ಹಿರಿಯರೊಬ್ಬರು ಹೇಳುತ್ತಾರೆ. ಬೇರೆಯವರು ಚೆನ್ನಾಗಿ ಬರೆದಿಟ್ಟಿರುವುದನ್ನು ನಾವೇಕೆ ಮತ್ತೆ ಬರೆಯಬೇಕು, ಕೊಂಡಿ ಕೊಟ್ಟರೆ ಸಾಕಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಹೊರಗಿನ ಕೊಂಡಿಗಳೆಲ್ಲ ಒಂದೇ ಬಗೆಯವು ಎಂದು ಎಣಿಸಿದ್ದಾರೆ. ಓದುಗರ ಕೆಲಸ ಆ ಕೊಂಡಿಯ ಮೇಲೆ ಎಷ್ಟು ನಿಂತಿದೆ ಎಂಬುದನ್ನು ನೋಡದೆ ಇದನ್ನು ತೀರ್ಮಾನಿಸಲು ಬರುವುದಿಲ್ಲ. ನಾನು ಪಾಲಿಸಿಕೊಂಡು ಬಂದಿರುವ ಪರೀಕ್ಷೆ ಒಂದೇ: ಈ ಕೊಂಡಿ ಇವತ್ತು ರಾತ್ರಿ ಸತ್ತರೆ, ನಾಳೆ ಬೆಳಿಗ್ಗೆ ನಮ್ಮ ಪುಟವನ್ನು ತೆರೆದವರು ಹಿಡಿದ ಕೆಲಸವನ್ನು ಮುಗಿಸಬಲ್ಲರೇ? ಮುಗಿಸಬಲ್ಲರಾದರೆ ಕೊಂಡಿ ಇರಲಿ. ಮುಗಿಸಲಾರರಾದರೆ, ಆ ಕೊಂಡಿಯ ಆಚೆ ಇರುವ ವಿಷಯದಲ್ಲಿ ಅವರಿಗೆ ಅಗತ್ಯವಾದಷ್ಟನ್ನು ನಮ್ಮ ಮಾತಿನಲ್ಲಿ ನಮ್ಮ ಪುಟದಲ್ಲೇ ಬರೆಯಬೇಕು. ಕೊಂಡಿ ಅದರ ನಂತರ, ಇನ್ನೂ ಆಳಕ್ಕೆ ಹೋಗಬಯಸುವವರಿಗಾಗಿ.

ಈ ಪರೀಕ್ಷೆಯನ್ನು ನನಗೆ ಕಲಿಸಿದ್ದು ನನ್ನದೇ ಒಂದು ತಪ್ಪು. ನಾನು ಬರೆದ ಒಂದು ಇನ್‌ಸ್ಟಾಲೇಶನ್ ಕೈಪಿಡಿಯಲ್ಲಿ ಏಳು ಹೆಜ್ಜೆಗಳಿದ್ದವು. ನಾಲ್ಕನೆಯದು ಸರ್ವರ್‌ಗೆ ಟಿಎಲ್‌ಎಸ್ ಸರ್ಟಿಫಿಕೇಟ್ (ಸಂಪರ್ಕವನ್ನು ಭದ್ರವಾಗಿಡುವ ಡಿಜಿಟಲ್ ಗುರುತುಪತ್ರ) ಅಳವಡಿಸುವುದು. ಅದನ್ನು ಯಾರೋ ಒಬ್ಬರು ತಮ್ಮ ಬ್ಲಾಗಿನಲ್ಲಿ ಬಹಳ ಚೆನ್ನಾಗಿ ವಿವರಿಸಿದ್ದರಿಂದ, ‘ಸರ್ಟಿಫಿಕೇಟ್ ಸಿದ್ಧಪಡಿಸಲು ಇಲ್ಲಿ ನೋಡಿ’ ಎಂದು ಒಂದು ಸಾಲು ಬರೆದು, ಕೊಂಡಿ ಕೊಟ್ಟು, ಐದನೆಯ ಹೆಜ್ಜೆಗೆ ಹೋಗಿಬಿಟ್ಟಿದ್ದೆ. ಸುಮಾರು ಎರಡು ವರ್ಷಗಳ ನಂತರ ಬಳಕೆದಾರರೊಬ್ಬರ ಪತ್ರ ಬಂತು. ಜೊತೆಗೊಂದು ಸ್ಕ್ರೀನ್‌ಶಾಟ್ ಇತ್ತು: ಎಡಗಡೆ ನಮ್ಮ ನಾಲ್ಕನೆಯ ಹೆಜ್ಜೆ, ಬಲಗಡೆ ಆ ಬ್ಲಾಗಿನ ವಿಳಾಸದಲ್ಲಿ ‘ಈ ಡೊಮೇನ್ ಮಾರಾಟಕ್ಕಿದೆ’ ಎಂಬ ದೊಡ್ಡ ಅಕ್ಷರ, ಕೆಳಗೆ ಟರ್ಮಿನಲ್‌ನಲ್ಲಿ ಸರ್ಟಿಫಿಕೇಟ್ ಫೈಲ್ ಸಿಗಲಿಲ್ಲ ಎಂಬ ದೋಷಸಂದೇಶ. ಅವರು ಆಗಲೇ ಹಳೆಯ ಸರ್ವರನ್ನು ನಿಲ್ಲಿಸಿದ್ದರು. ನನ್ನ ಕೈಪಿಡಿಯನ್ನು ನಂಬಿ ಹೊರಟವರನ್ನು ನಾನು ನಡುನೀರಿನಲ್ಲಿ ಕೈಬಿಟ್ಟಿದ್ದೆ. ಆಮೇಲೆ ಕುಳಿತು ಲೆಕ್ಕ ಹಾಕಿದಾಗ, ಆ ಬ್ಲಾಗಿನಿಂದ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಮೂರು ಕಮಾಂಡ್‌ಗಳು ಮತ್ತು ಫೈಲನ್ನು ಯಾವ ಫೋಲ್ಡರಿನಲ್ಲಿ ಯಾವ ಹೆಸರಿನಿಂದ ಇಡಬೇಕು ಎಂಬ ಎರಡು ಸಾಲು ಅಷ್ಟೇ ಎಂದು ತಿಳಿಯಿತು. ಆ ಐದು ಸಾಲುಗಳನ್ನು ಬರೆಯುವ ಶ್ರಮವನ್ನು ನಾನು ಉಳಿಸಿಕೊಂಡಿದ್ದೆ, ಅದರ ಬೆಲೆಯನ್ನು ಅವರು ತೆತ್ತಿದ್ದರು.

ಕೊಂಡಿ ಬದುಕಿದ್ದರೂ ಓದುಗರಿಗೆ ಅದು ತಲುಪದಿರಬಹುದು ಎಂಬುದನ್ನೂ ನೆನಪಿಡಿ. ಹೊರಜಗತ್ತಿನ ಇಂಟರ್ನೆಟ್ಟಿಗೆ ಸಂಪರ್ಕವೇ ಇಲ್ಲದ ಒಳ ನೆಟ್‌ವರ್ಕ್‌ಗಳಲ್ಲಿ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ. ಅವರ ಕೈಯಲ್ಲಿರುವುದು ನಿಮ್ಮ ಡಾಕ್ಯುಮೆಂಟೇಶನ್‌ನ ಪಿಡಿಎಫ್ ಅಥವಾ ಪ್ಯಾಕೇಜಿನ ಜೊತೆ ಬಂದ ಎಚ್‌ಟಿಎಂಎಲ್ ಪ್ರತಿ ಮಾತ್ರ. ಅವರ ಪಾಲಿಗೆ ಹೊರಗಿನ ಕೊಂಡಿಗಳೆಲ್ಲ ಮೊದಲ ದಿನದಿಂದಲೇ ಸತ್ತಂತೆ.

ಕೊಂಡಿ ಮುರಿಯುವುದು ಅಪರೂಪಕ್ಕೊಮ್ಮೆ ಆಗುವ ಅಪಘಾತ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳ ಪೈಕಿ ಶೇಕಡ 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗದಂತಾಗಿದ್ದವು. ಅವರು ಪರಿಶೀಲಿಸಿದ ಇಂಗ್ಲಿಷ್ ವಿಕಿಪೀಡಿಯ ಪುಟಗಳಲ್ಲಿ ಶೇಕಡ 54ರಷ್ಟು ಪುಟಗಳ ಉಲ್ಲೇಖಗಳಲ್ಲಿ ಕನಿಷ್ಠ ಒಂದಾದರೂ ಮುರಿದ ಕೊಂಡಿ ಇತ್ತು. ಅಷ್ಟೊಂದು ಜನ ಕಣ್ಣಿಟ್ಟು ಕಾಯುವ ವಿಶ್ವಕೋಶದ ಸ್ಥಿತಿಯೇ ಇದಾಗಿರುವಾಗ, ಎರಡು ಮೂರು ಜನ ನೋಡಿಕೊಳ್ಳುವ ಡಾಕ್ಯುಮೆಂಟೇಶನ್ ಇದರಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಅದರಲ್ಲೂ ತಂತ್ರಾಂಶದ ಲೋಕದಲ್ಲಿ ವಿಳಾಸಗಳು ಬೇಗ ಬದಲಾಗುತ್ತವೆ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣಗಳಲ್ಲಿ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು, ಮೈಕ್ರೋಸಾಫ್ಟ್‌ನ ಕೋಡ್‌ಪ್ಲೆಕ್ಸ್ 2017ರಲ್ಲಿ ಮುಚ್ಚಿತು. ಈ ಎರಡು ತಾಣಗಳ ವಿಳಾಸಗಳನ್ನು ಕೊಟ್ಟಿದ್ದ ಕೈಪಿಡಿಗಳೆಲ್ಲ ಒಮ್ಮೆಲೇ ಹಳತಾದವು. ಒಳ್ಳೆಯ ವಿಳಾಸ ಬದಲಾಗಬಾರದೆಂದು ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಾದಿಸಿ ಬರೆದಿದ್ದರು. ಅದು ಪುಟ ನಡೆಸುವವರಿಗೆ ಹೇಳಿದ ಮಾತು. ಬೇರೆಯವರ ಪುಟವನ್ನು ನೆಚ್ಚಿಕೊಂಡ ನಮಗೆ ಅದರಿಂದ ಯಾವ ಭರವಸೆಯೂ ಸಿಗುವುದಿಲ್ಲ.

ಸತ್ತ ಕೊಂಡಿಗಿಂತ ನನಗೆ ಹೆಚ್ಚು ಆತಂಕ ತರುವುದು ಬದುಕಿದ್ದೂ ಬೇರೆಯಾಗಿಬಿಟ್ಟ ಕೊಂಡಿ. 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ ಬಂದರೆ ಓದುಗರಿಗೆ ಕನಿಷ್ಠ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಪುಟ ತೆರೆದು, ಒಳಗಿನ ವಿಷಯ ಮಾತ್ರ ಬದಲಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ವಿಳಾಸದ ಕೊನೆಯಲ್ಲಿ ಹ್ಯಾಷ್ ಚಿಹ್ನೆಯ ನಂತರ ಬರುವ ಭಾಗವನ್ನು ನೋಡಿ. ಉದ್ದನೆಯ ಪುಟವೊಂದರ ನಿರ್ದಿಷ್ಟ ಉಪಶೀರ್ಷಿಕೆಗೆ ಕರೆದೊಯ್ಯುವುದು ಆ ಭಾಗವೇ. ಆದರೆ ಬ್ರೌಸರ್ ಅದನ್ನು ಸರ್ವರ್‌ಗೆ ಕಳಿಸುವುದೇ ಇಲ್ಲ, ತನ್ನಲ್ಲೇ ಇಟ್ಟುಕೊಂಡು ಪುಟ ಬಂದ ಮೇಲೆ ಹುಡುಕುತ್ತದೆ. ಆ ಉಪಶೀರ್ಷಿಕೆಯನ್ನು ಯಾರಾದರೂ ತೆಗೆದುಹಾಕಿದ್ದರೆ ಸರ್ವರ್ ಎಂದಿನಂತೆ 200, ಅಂದರೆ ಎಲ್ಲ ಸರಿಯಿದೆ ಎಂದು ಉತ್ತರಿಸುತ್ತದೆ, ಓದುಗರು ಪುಟದ ನೆತ್ತಿಯ ಮೇಲೆ ಇಳಿದು, ತಾವು ಹುಡುಕುತ್ತಿರುವುದು ಎಲ್ಲಿದೆ ಎಂದು ತಡಕಾಡುತ್ತಾರೆ. ಗಿಟ್‌ಹಬ್‌ನಲ್ಲಿರುವ ಒಂದು ಫೈಲಿನ 120ನೆಯ ಸಾಲಿಗೆ ಕೊಂಡಿ ಕೊಟ್ಟಾಗಲೂ ಇದೇ ತೊಂದರೆ. ಮೇಲೆ ಹತ್ತು ಸಾಲು ಸೇರಿದ ಮರುಗಳಿಗೆಯಿಂದ ನಿಮ್ಮ ಕೊಂಡಿ ಬೇರೊಂದು ಫಂಕ್ಷನ್ನನ್ನು ತೋರಿಸುತ್ತಿರುತ್ತದೆ. ಆ ಪುಟದಲ್ಲಿ ಇದ್ದಾಗ ಕೀಲಿಮಣೆಯ ವೈ ಅಕ್ಷರವನ್ನು ಒತ್ತಿದರೆ ವಿಳಾಸದಲ್ಲಿ ಬ್ರಾಂಚಿನ ಹೆಸರಿನ ಜಾಗಕ್ಕೆ ಆ ಕ್ಷಣದ ಕಮಿಟ್‌ನ (ಕೋಡನ್ನು ಉಳಿಸಿಟ್ಟ ಸ್ಥಿತಿಯ) ಗುರುತು ಬರುತ್ತದೆ; ಯಾವಾಗಲೂ ಆ ವಿಳಾಸವನ್ನೇ ನಕಲಿಸಿಕೊಳ್ಳಿ.

ಪುಟ ಒಂದಕ್ಷರವೂ ಬದಲಾಗದೆ ಹಾಗೇ ಇದ್ದು ಲೋಕವೇ ಮುಂದೆ ಸಾಗಿರುವುದೂ ಉಂಟು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿಯ ನಿಯಮಗಳಿಗಾಗಿ ಆರ್‌ಎಫ್‌ಸಿ (ಇಂಟರ್ನೆಟ್ಟಿನ ಮಾನಕಗಳ ದಾಖಲೆ) 2616ನ್ನು ಉಲ್ಲೇಖಿಸುವ ಕೈಪಿಡಿಗಳು ಇಂದಿಗೂ ಕಾಣಸಿಗುತ್ತವೆ. 1999ರ ಆ ದಾಖಲೆಯ ಸ್ಥಾನಕ್ಕೆ 2014ರಲ್ಲಿ 7230ರಿಂದ 7235ರವರೆಗಿನ ಆರು ದಾಖಲೆಗಳು ಬಂದವು, 2022ರಲ್ಲಿ ಅವುಗಳ ಜಾಗಕ್ಕೆ 9110 ಮತ್ತು ಅದರ ಜೊತೆಯ ದಾಖಲೆಗಳು ಬಂದವು. ಕೊಂಡಿಗಳನ್ನು ತಪಾಸಿಸುವ ಯಾವ ಸಾಧನವೂ ಇದನ್ನು ತಪ್ಪೆಂದು ತೋರಿಸುವುದಿಲ್ಲ, ಏಕೆಂದರೆ ಆ ಪುಟ ಸರಿಯಾಗಿಯೇ ತೆರೆಯುತ್ತದೆ. ವಿಷಯ ಬಲ್ಲವರೊಬ್ಬರು ವರ್ಷಕ್ಕೊಮ್ಮೆಯಾದರೂ ಕಣ್ಣಾಡಿಸದೆ ಇಂಥದ್ದು ಸಿಕ್ಕಿಬೀಳುವುದಿಲ್ಲ.

ಕೊನೆಯದಾಗಿ, ಡೊಮೇನ್ ಬೇರೆಯವರ ಕೈಸೇರುವುದು. ಓದಲಿಕ್ಕೆಂದು ಕೊಟ್ಟ ಕೊಂಡಿಯಲ್ಲಿ ಇದು ಮುಜುಗರ ತರುತ್ತದೆ. ಚಲಾಯಿಸಲಿಕ್ಕೆಂದು ಕೊಟ್ಟ ಕೊಂಡಿಯಲ್ಲಿ ಅನಾಹುತವನ್ನೇ ತರುತ್ತದೆ. ಪಾಲಿಫಿಲ್ ಡಾಟ್ ಐಓ ಎಂಬ ಡೊಮೇನ್ 2024ರ ಆರಂಭದಲ್ಲಿ ಕೈಬದಲಾಯಿತು. ಅದು ಹಂಚುತ್ತಿದ್ದ ಸ್ಕ್ರಿಪ್ಟ್‌ನಲ್ಲಿ ದುರುದ್ದೇಶದ ಕೋಡ್ ಸೇರಿಕೊಂಡಿರುವುದು ಜೂನಿನಲ್ಲಿ ಬೆಳಕಿಗೆ ಬಂದಾಗ, ಒಂದು ಲಕ್ಷಕ್ಕೂ ಹೆಚ್ಚು ಜಾಲತಾಣಗಳು ಅದನ್ನು ಬಳಸುತ್ತಿದ್ದವು. ಎಷ್ಟೋ ಜನ ಆ ಒಂದು ಸಾಲನ್ನು ಕೈಪಿಡಿಗಳಿಂದ, ಪಾಠಗಳಿಂದ ನಕಲಿಸಿ ಅಂಟಿಸಿಕೊಂಡವರು. ಆದ್ದರಿಂದ ನಿಮ್ಮ ಉದಾಹರಣೆಗಳಲ್ಲಿ ಹೊರಗಿನ ಸ್ಕ್ರಿಪ್ಟನ್ನು ಎಳೆದುಕೊಳ್ಳುವ ಸಾಲಿದ್ದರೆ, ಕರ್ಲ್ ಎಂಬ ಸಾಧನದಿಂದ ಸ್ಕ್ರಿಪ್ಟನ್ನು ತಂದು ನೇರವಾಗಿ ಚಲಾಯಿಸಲು ಶೆಲ್‌ಗೆ ಕೊಡುವ ಕಮಾಂಡ್ ಇದ್ದರೆ, 300 ಕೊಂಡಿಗಳಲ್ಲಿ ಮೊದಲು ಅವುಗಳನ್ನೇ ಕೈಗೆತ್ತಿಕೊಳ್ಳಿ. ಆವೃತ್ತಿಯ ಸಂಖ್ಯೆ ಮತ್ತು ಚೆಕ್‌ಸಮ್ (ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಗುರುತು) ಇಲ್ಲದೆ ಇಂಥ ಸಾಲು ಕೈಪಿಡಿಯಲ್ಲಿ ಇರಕೂಡದು.

ಇಷ್ಟೆಲ್ಲ ಓದಿದ ಮೇಲೆ ನಿಮ್ಮ ಹಿರಿಯರ ಮಾತೇ ಸರಿ ಎನಿಸಬಹುದು. ಆದರೂ ಕೊಂಡಿಗಳನ್ನೆಲ್ಲ ತೆಗೆದುಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಕೊಂಡಿಯನ್ನು ತೆಗೆದು ಆ ವಿಷಯವನ್ನು ನಮ್ಮ ಪುಟಕ್ಕೆ ನಕಲಿಸಿಕೊಂಡರೆ ಅದು ಹಳತಾಗುವುದು ನಿಲ್ಲುವುದಿಲ್ಲ, ಹಳತಾದದ್ದು ಕಾಣುವುದು ಮಾತ್ರ ನಿಲ್ಲುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಲೈಬ್ರರಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಸಂಪರ್ಕ ಕಲ್ಪಿಸುತ್ತದೆ ಎಂದಿಟ್ಟುಕೊಳ್ಳಿ, ಮತ್ತು ಅದರ ಸೆಟ್ಟಿಂಗ್‌ಗಳ ಪಟ್ಟಿಯನ್ನು ನೀವು 2020ರಲ್ಲಿ ನಿಮ್ಮ ಪುಟಕ್ಕೆ ಇಳಿಸಿಕೊಂಡಿರಿ. ಪಾಸ್‌ವರ್ಡನ್ನು ಯಾವ ವಿಧಾನದಿಂದ ಉಳಿಸಬೇಕು ಎಂಬ ಸೆಟ್ಟಿಂಗ್‌ನ ಪೂರ್ವನಿಯೋಜಿತ ಮೌಲ್ಯ ಆಗ ಎಂಡಿ5 ಎಂಬ ಹಳೆಯ ವಿಧಾನವಾಗಿತ್ತು. 2021ರಲ್ಲಿ ಬಂದ 14ನೆಯ ಆವೃತ್ತಿಯಲ್ಲಿ ಅದು ಹೆಚ್ಚು ಭದ್ರವಾದ ಸ್ಕ್ರ್ಯಾಮ್ ಆಯಿತು. ನಿಮ್ಮ ಪುಟದಲ್ಲಿ ಎಂಡಿ5 ಎಂದೇ ಉಳಿದಿರುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ, ಯಾವ ತಪಾಸಣೆಯೂ ಕೂಗಿ ಹೇಳುವುದಿಲ್ಲ, ಭದ್ರತೆಗೆ ಸಂಬಂಧಿಸಿದ ಒಂದು ತಪ್ಪು ಮಾಹಿತಿಯನ್ನು ನಿಮ್ಮ ಯೋಜನೆಯ ಹೆಸರಿನಲ್ಲಿ ನೀವು ವರ್ಷಗಟ್ಟಲೆ ಹಂಚುತ್ತಿರುತ್ತೀರಿ. ಇಂಥ ಕಡೆ ಕೊಂಡಿಯೇ ಸರಿ, ಏಕೆಂದರೆ ಆ ಪಟ್ಟಿಯನ್ನು ಕಾಪಾಡುವ ಹೊಣೆ ಪೋಸ್ಟ್‌ಗ್ರೆಸ್‌ನವರದು ಮತ್ತು ಅವರು ಅದನ್ನು ನಿಷ್ಠೆಯಿಂದ ಮಾಡುತ್ತಾರೆ.

ಹಾಗಾದರೆ ಏನನ್ನು ನಾವು ಬರೆಯಬೇಕು, ಏನನ್ನು ಅವರಿಗೆ ಬಿಡಬೇಕು? ನಮ್ಮ ತಂತ್ರಾಂಶದ ನಡವಳಿಕೆ, ನಮ್ಮ ಹೆಜ್ಜೆಗಳು, ನಾವು ಪರೀಕ್ಷಿಸಿ ನೋಡಿದ ಕಮಾಂಡ್‌ಗಳು ನಮ್ಮ ಪುಟದಲ್ಲಿರಬೇಕು. ಬೇರೆಯವರ ತಂತ್ರಾಂಶದ ಪೂರ್ಣ ವಿವರ ಅವರ ಪುಟದಲ್ಲೇ ಇರಲಿ. ನಡುವಿನ ಪ್ರದೇಶದಲ್ಲಿ, ಅಂದರೆ ಅವರ ತಂತ್ರಾಂಶದಲ್ಲಿ ನಮ್ಮ ಓದುಗರಿಗೆ ಬೇಕಾಗುವ ಒಂದೆರಡು ಸಂಗತಿಗಳ ವಿಷಯದಲ್ಲಿ, ಅಷ್ಟನ್ನು ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದೇವೆ ಎಂಬುದರ ಜೊತೆಗೆ ಬರೆದು, ಉಳಿದದ್ದಕ್ಕೆ ಕೊಂಡಿ ಕೊಡುವುದು ನಾನು ಕಂಡ ಒಳ್ಳೆಯ ದಾರಿ. ಬೇರೆಯವರ ಬರಹವನ್ನು ಹಾಗೆಯೇ ಎತ್ತಿ ತರುವುದಕ್ಕೆ ಲೈಸೆನ್ಸಿನ ಅಡ್ಡಿಯೂ ಇರುತ್ತದೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ ಅಡಿಯಲ್ಲಿವೆ. ಮೂಲವನ್ನು ಹೆಸರಿಸದೆ ಅವುಗಳನ್ನು ಬಳಸುವಂತಿಲ್ಲ.

ಕೊಂಡಿ ಕೊಡುವಾಗ ಎಲ್ಲ ವಿಳಾಸಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆರ್‌ಎಫ್‌ಸಿಯಂಥ ಮಾನಕಗಳು, ಡಿಓಐ ಎಂಬ ಶಾಶ್ವತ ಗುರುತು ಇರುವ ಸಂಶೋಧನಾ ಲೇಖನಗಳು, ಆವೃತ್ತಿಗೊಂದರಂತೆ ಪ್ರತ್ಯೇಕ ವಿಳಾಸ ಇಟ್ಟುಕೊಂಡಿರುವ ಅಧಿಕೃತ ಡಾಕ್ಯುಮೆಂಟೇಶನ್‌ಗಳು ದೀರ್ಘಕಾಲ ಉಳಿಯುತ್ತವೆ. ವೈಯಕ್ತಿಕ ಬ್ಲಾಗು, ವೀಡಿಯೊ, ಕಂಪನಿಗಳ ಪ್ರಚಾರದ ಪುಟಗಳನ್ನು ಅಷ್ಟು ನಂಬಲಾಗದು. ಅಧಿಕೃತ ಪುಟಗಳಲ್ಲೂ ಒಂದು ಆಯ್ಕೆ ಇರುತ್ತದೆ: ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯ ಪುಟಕ್ಕೆ ಕೊಂಡಿ ಕೊಡಬೇಕೇ, ಸದ್ಯದ ಆವೃತ್ತಿಯ ಪುಟಕ್ಕೆ ಕೊಡಬೇಕೇ? ನಿಮ್ಮ ವಾಕ್ಯ ಒಂದು ನಿರ್ದಿಷ್ಟ ಆವೃತ್ತಿಯ ನಡವಳಿಕೆಯನ್ನು ಹೇಳುತ್ತಿದ್ದರೆ ಆ ಆವೃತ್ತಿಗೇ ಕೊಡಿ. ಪರಿಕಲ್ಪನೆಯನ್ನು ಪರಿಚಯಿಸುತ್ತಿದ್ದರೆ ಸದ್ಯದ ಪುಟಕ್ಕೆ ಕೊಡಿ.

ಕೊಂಡಿಯನ್ನು ಬರೆಯುವ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಂಡಿ ಸತ್ತ ಮೇಲೆ ಓದುಗರಿಗೆ ಉಳಿಯುವುದು ನೀವು ಬರೆದ ಪದಗಳು ಮಾತ್ರ. ‘ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆದಿದ್ದರೆ, ವಿಳಾಸ ಮುರಿದ ದಿನ ಆ ವಾಕ್ಯದಲ್ಲಿ ಹುಡುಕಲಿಕ್ಕೆ ಒಂದು ಪದವೂ ಇರುವುದಿಲ್ಲ. ಅದೇ ಜಾಗದಲ್ಲಿ ‘ಎಂಜಿನ್‌ಎಕ್ಸ್ ಡಾಕ್ಯುಮೆಂಟೇಶನ್‌ನ ಎಚ್‌ಟಿಟಿಪಿಎಸ್ ಸರ್ವರ್ ಹೊಂದಿಸುವ ಅಧ್ಯಾಯ’ ಎಂದು ಬರೆದಿದ್ದರೆ, ಕೊಂಡಿ ಇಲ್ಲದೆಯೂ ಓದುಗರು ಹುಡುಕು ತಾಣದಲ್ಲಿ ಅದನ್ನು ಕಂಡುಕೊಳ್ಳುತ್ತಾರೆ. ಬ್ಲಾಗಿನ ಲೇಖನವಾದರೆ ಬರೆದವರ ಹೆಸರು, ಶೀರ್ಷಿಕೆ, ವರ್ಷ ಇಷ್ಟನ್ನೂ ಸೇರಿಸಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸಿ ಓದುವಾಗ ಪುಟದ ಕೊಂಡಿಗಳನ್ನು ಮಾತ್ರ ಪಟ್ಟಿ ಮಾಡಿಸಿಕೊಂಡು ಕೇಳುವುದುಂಟು. ಆ ಪಟ್ಟಿಯಲ್ಲಿ ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಕೇಳಿಬಂದರೆ ಅವರಿಗೆ ಏನು ತಿಳಿಯಬೇಕು? ವೆಬ್ ಪ್ರವೇಶಸಾಧ್ಯತೆಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿ ಕೊಂಡಿಯ ಉದ್ದೇಶ ಸ್ಪಷ್ಟವಾಗಿರಬೇಕೆಂಬುದನ್ನು ತನ್ನ ಕನಿಷ್ಠ ಮಟ್ಟದ ನಿಯಮಗಳಲ್ಲೇ ಇಟ್ಟಿದೆ.

ವಿಳಾಸವನ್ನು ಮೊಟಕುಗೊಳಿಸುವ ಸೇವೆಗಳನ್ನು ಕೈಪಿಡಿಯಲ್ಲಿ ಬಳಸಲೇಬೇಡಿ. ಗೂಗಲ್ ತನ್ನ ಮೊಟಕು ವಿಳಾಸದ ಸೇವೆಯಲ್ಲಿ 2019ರಲ್ಲಿ ಹೊಸ ಕೊಂಡಿ ಮಾಡುವುದನ್ನು ನಿಲ್ಲಿಸಿತು, 2024ರಲ್ಲಿ ಹಳೆಯವೂ ನಿಲ್ಲಲಿವೆ ಎಂದು ಪ್ರಕಟಿಸಿತು, ಆಮೇಲೆ ಬಳಕೆಯಲ್ಲಿರುವವನ್ನು ಉಳಿಸಿಕೊಳ್ಳುವುದಾಗಿ ಹೇಳಿತು. ಮೊಟಕು ವಿಳಾಸ ಮುರಿದರೆ ಮೂಲ ಎಲ್ಲಿತ್ತು ಎಂಬ ಸುಳಿವೂ ಅದರ ಜೊತೆಗೇ ಹೋಗುತ್ತದೆ, ಹಳೆಯ ಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಲೂ ಆಗುವುದಿಲ್ಲ. ಅಂದ ಹಾಗೆ, ಅಳಿದುಹೋಗಬಹುದು ಎನಿಸುವ ಬ್ಲಾಗಿನ ಪುಟವನ್ನು ಕೊಂಡಿ ಕೊಡುವ ದಿನವೇ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಡುವುದು ಒಳ್ಳೆಯ ಅಭ್ಯಾಸ. ಆದರೆ ಮುಖ್ಯ ಕೊಂಡಿ ಮೂಲಕ್ಕೇ ಇರಲಿ. 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ಇಂಟರ್ನೆಟ್ ಆರ್ಕೈವ್ ಕೆಲವು ದಿನಗಳ ಕಾಲ ಸ್ಥಗಿತವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ತಪಾಸಣೆಗೆ ಸಾಧನಗಳಿವೆ. ಡಾಕ್ಯುಮೆಂಟೇಶನ್ ತಯಾರಿಸಲು ನೀವು ಸ್ಫಿಂಕ್ಸ್ ಬಳಸುತ್ತಿದ್ದರೆ ಅದರಲ್ಲೇ ಲಿಂಕ್‌ಚೆಕ್ ಇದೆ, ಮಾರ್ಕ್‌ಡೌನ್ ಆದರೆ ಲೈಚಿಯಂಥವು ಸಿಗುತ್ತವೆ. ಬಹಳ ತಂಡಗಳು ಮಾಡುವ ತಪ್ಪೆಂದರೆ, ಈ ತಪಾಸಣೆಯನ್ನು ಪ್ರತಿ ಪುಲ್ ರಿಕ್ವೆಸ್ಟಿಗೂ (ಸೇರಿಸಿಕೊಳ್ಳಿ ಎಂದು ಕಳಿಸಿದ ಬದಲಾವಣೆಗೂ) ಕಡ್ಡಾಯ ಮಾಡುವುದು. ಯಾವುದೋ ದೂರದ ಸರ್ವರ್ ಒಂದು ನಿಮಿಷ ನಿಧಾನವಾದದ್ದಕ್ಕೆ, ಅಕ್ಷರದೋಷ ತಿದ್ದಲು ಬಂದ ಹೊಸಬರ ಕೊಡುಗೆಗೆ ಕೆಂಪು ಗುರುತು ಬೀಳುತ್ತದೆ; ಎರಡು ವಾರದೊಳಗೆ ಎಲ್ಲರೂ ಆ ಗುರುತನ್ನು ಲೆಕ್ಕಿಸದಿರಲು ಕಲಿಯುತ್ತಾರೆ. ಅದನ್ನು ವಾರಕ್ಕೊಮ್ಮೆ ತಾನಾಗಿ ನಡೆಯುವಂತೆ ಪ್ರತ್ಯೇಕವಾಗಿಟ್ಟು, ಬಂದ ವರದಿಯನ್ನು ಓದಲು ಒಬ್ಬರನ್ನು ಹೆಸರಿಸಿ. ವರದಿಯಲ್ಲಿ 404 ಮತ್ತು 410 ಎಂದರೆ ನಿಜವಾಗಿ ಹೋದವು. 403 ಮತ್ತು 429 ಬಂದರೆ ಬಹುಮಟ್ಟಿಗೆ ಆ ತಾಣ ಯಂತ್ರಗಳನ್ನು ತಡೆಯುತ್ತಿದೆ ಎಂದರ್ಥ, ಬ್ರೌಸರಿನಲ್ಲಿ ತೆರೆದು ನೋಡಿ ನಿರ್ಧರಿಸಿ. 301 ಬಂದರೆ ಪುಟ ಶಾಶ್ವತವಾಗಿ ಸ್ಥಳಾಂತರವಾಗಿದೆ. ಹೊಸ ವಿಳಾಸವನ್ನು ಆಗಲೇ ಬರೆದುಕೊಳ್ಳಿ, ಹಳೆಯ ವಿಳಾಸದಿಂದ ದಾರಿ ತೋರಿಸುವ ಸೌಜನ್ಯ ಎಷ್ಟು ದಿನ ಇರುತ್ತದೋ ಹೇಳಲಾಗದು.

ಕೈಪಿಡಿಯ ಪುಟವನ್ನಾದರೆ ಇವತ್ತೇ ತಿದ್ದಬಹುದು. ತಂತ್ರಾಂಶದ ದೋಷಸಂದೇಶದೊಳಗೆ ಬರೆದ ವಿಳಾಸ ಮಾತ್ರ ಬಳಕೆದಾರರ ಯಂತ್ರದಲ್ಲಿ ಕುಳಿತುಬಿಡುತ್ತದೆ, ಅವರು ಹಳೆಯ ಆವೃತ್ತಿಯನ್ನು ಹತ್ತು ವರ್ಷ ಬಳಸಿದರೆ ಹತ್ತು ವರ್ಷವೂ ಅದೇ ಇರುತ್ತದೆ. ಅಲ್ಲಿ ಹೊರಗಿನವರ ವಿಳಾಸವನ್ನು ನೇರವಾಗಿ ಬರೆಯಬಾರದು. ನಿಮ್ಮದೇ ಡೊಮೇನಿನಲ್ಲಿ ಒಂದು ಚಿಕ್ಕ ವಿಳಾಸವನ್ನಿಟ್ಟು, ಅಲ್ಲಿಂದ ಬೇಕಾದ ಕಡೆಗೆ ತಿರುಗಿಸಿ. ಗುರಿ ಬದಲಾದಾಗ ತಿರುವನ್ನು ಮಾತ್ರ ಬದಲಿಸಿದರೆ ಸಾಕು. ಇದು ಹೊಸ ಉಪಾಯವೇನೂ ಅಲ್ಲ, ಗ್ರಂಥಾಲಯಗಳ ಸಂಸ್ಥೆಯಾದ ಓಸಿಎಲ್‌ಸಿ 1995ರಲ್ಲೇ ಪರ್ಲ್ (PURL) ಎಂಬ ಹೆಸರಿನಲ್ಲಿ ಇಂಥ ಶಾಶ್ವತ ವಿಳಾಸದ ವ್ಯವಸ್ಥೆಯನ್ನು ಆರಂಭಿಸಿತ್ತು. ಉದಾಹರಣೆಗಾಗಿ ಬರೆಯುವ ಕಾಲ್ಪನಿಕ ವಿಳಾಸಗಳ ವಿಷಯದಲ್ಲೂ ಎಚ್ಚರ ಬೇಕು: ಬಾಯಿಗೆ ಬಂದ ಡೊಮೇನ್ ಹೆಸರನ್ನು ಬರೆದರೆ ಅದು ಯಾರದ್ದೋ ನಿಜವಾದ ತಾಣವಾಗಿರಬಹುದು, ಅಥವಾ ನಾಳೆ ಆಗಬಹುದು. ಇದಕ್ಕಾಗಿಯೇ ಎಕ್ಸಾಂಪಲ್ ಡಾಟ್ ಕಾಮ್ ಮೊದಲಾದ ಹೆಸರುಗಳನ್ನು 1999ರ ಆರ್‌ಎಫ್‌ಸಿ 2606 ಕಾಯ್ದಿರಿಸಿದೆ.

ಇನ್ನು ನಿಮ್ಮ 300 ಕೊಂಡಿಗಳು. ಎಲ್ಲವನ್ನೂ ಒಂದೇ ಸಲ ಸರಿಪಡಿಸಲು ಹೊರಡಬೇಡಿ, ಅರ್ಧದಲ್ಲಿ ಬೇಸರ ಬರುತ್ತದೆ. ಚಲಾಯಿಸುವ ಸಾಲುಗಳನ್ನು ಮೊದಲು ಭದ್ರಪಡಿಸಿ. ಆಮೇಲೆ ನಿಮ್ಮ ತಂಡದ ಆ ಇಬ್ಬರನ್ನೂ ಕರೆದು ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತುಕೊಳ್ಳಿ. ಬೇಕಾದ ಪ್ಯಾಕೇಜುಗಳನ್ನು ಮೊದಲೇ ಇಳಿಸಿಟ್ಟ ಖಾಲಿ ಯಂತ್ರವೊಂದನ್ನು ತೆಗೆದುಕೊಂಡು, ನೆಟ್‌ವರ್ಕ್ ಸಂಪರ್ಕವನ್ನು ಕಿತ್ತು, ಇನ್‌ಸ್ಟಾಲೇಶನ್ ಪುಟದ ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ಮೊದಲ ಹೆಜ್ಜೆಯಿಂದ ಶುರುಮಾಡಿ. ಎಲ್ಲಿ ನಿಂತುಹೋಗುತ್ತೀರೋ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ಮುಂದೆ ಸಾಗಲು ಏನು ತಿಳಿದಿರಬೇಕಿತ್ತು ಎಂಬುದನ್ನು ಅಲ್ಲೇ ಅಂಚಿನಲ್ಲಿ ಬರೆದುಕೊಳ್ಳಿ. ಪುಟಕ್ಕೆ ಸೇರಿಸಬೇಕಾದ ಸಾಲುಗಳು ಅವೇ.